ನಾಲ್ಕು ಪೌಂಡು ಬ್ರೆಡ್ಡು ಮತ್ತು ನನಗಿಲ್ಲದ ಕಾಯಿಲೆ

ಓದಲು ಕೂತಿರುವ ಎಲ್ಲರಿಗೂ ನಮಸ್ಕಾರ. ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ಒತ್ತಕ್ಷರ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತು ಎದ್ದು ಹೋಗಿರುತ್ತದೆ. ಅಕ್ಷರ ಕಲಿಯಲು ಕೂತದ್ದು ಹದಿಮೂರನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಮ್ಮೂರು ಹರಿಯಬ್ಬೆಯ ಸುತ್ತ ಕುರಿ ಕಾಯುತ್ತಿದ್ದೆ, ಕುರಿಗಳು ನನಗೆ ಕಾಗುಣಿತ ಕೇಳಲಿಲ್ಲ. ಹಾಗಾಗಿ ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬರೆಯುತ್ತಿರುವುದೂ ಹೊಟ್ಟೆಯ ವಿಷಯವೇ.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಾರು ತುಂಬಿತ್ತು. ಹಿರಿಯೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಜವಾನ. ಗಂಟೆ ಹೊಡೆಯುವುದು, ಬೀಗ ಹಾಕುವುದು, ನಡುವೆ ಎಸ್ಸೆಸ್ಸೆಲ್ಸಿಗೆ ಓದುವುದು. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದೆ. ಮೂರನೇ ಸಲಕ್ಕೆ ನಮ್ಮ ಹೆಡ್‌ಮಿಸ್ಟ್ರೆಸ್ ನನ್ನ ಕೈ ಹಿಡಿದರು. ಅವರನ್ನು ಎಲ್ಲರೂ ದೊಡ್ಡ ಟೀಚರು ಎನ್ನುತ್ತಿದ್ದರು. ಕೋಲಾರದ ಚಿನ್ನದ ಗಣಿಯ ಕಡೆಯ ಕ್ರಿಶ್ಚಿಯನ್ನರು, ಐವತ್ತು ದಾಟಿದವರು, ಒಂಟಿ. ಶಾಲೆ ಬಿಟ್ಟ ಮೇಲೆ ತಮ್ಮ ಮನೆಯ ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡು ಇಂಗ್ಲಿಷ್ ಹೇಳಿಕೊಡುತ್ತಿದ್ದರು.

ಆ ವರ್ಷ ಕ್ರಿಸ್‌ಮಸ್ಸಿಗೆ ಊರಿಗೆ ಹೋಗಲು ಅಲ್ಲಿ ಅವರ ಕಡೆಯವರು ಯಾರೂ ಉಳಿದಿರಲಿಲ್ಲ. "ಈ ಸಲ ಹಬ್ಬ ಇಲ್ಲೇ. ಶಾಲೆಯವರನ್ನೆಲ್ಲ ಊಟಕ್ಕೆ ಕರೀತೀನಿ. ನಮ್ಮ ಅಮ್ಮ ಮಾಡ್ತಿದ್ದ ಸ್ಟಫಿಂಗ್ ಮಾಡೋಣ" ಎಂದರು. ಪೆಟ್ಟಿಗೆಯಿಂದ ಅವರ ಅಮ್ಮನ ಕೈಬರಹದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಆ ಹದಿನೈದು ದಿನ ನನಗೆ ಅದೇ ಇಂಗ್ಲಿಷ್ ಪಾಠ. ಹಳೇ ಬ್ರೆಡ್ಡನ್ನು ಚೂರು ಮಾಡಿ ಒಣಗಿಸಬೇಕು. ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಬೇಕು. ಕೋಳಿಯ ಈಲಿ (ಲಿವರ್), ಮೊಟ್ಟೆ, ಕಾಳುಮೆಣಸು, ಒಂದು ಘಮದ ಎಲೆ, ಮೇಲೆ ಕೋಳಿ ಬೇಯಿಸಿದ ನೀರು. ಇಷ್ಟನ್ನೂ ಕಲಸಿ ಕೋಳಿಯ ಹೊಟ್ಟೆಗೆ ತುಂಬಿ ಸುಡಬೇಕು.

"ನಮ್ಮ ಕೋಳಿ ಹೊಟ್ಟೆಗೆ ಒಂದು ಹಿಡಿ ಹಿಡಿಸಬಹುದು ಟೀಚರ್. ಹನ್ನೆರಡು ಜನ ಅದೀವಿ" ಎಂದೆ.

"ಹಾಗಾದ್ರೆ ತಟ್ಟೆಗೆ ಹಾಕಿ ಸುಡೋಣ. ಅಮ್ಮ ಹಾಗೂ ಮಾಡ್ತಿದ್ರು."

ಹಾಳೆಯಲ್ಲಿದ್ದ ಘಮದ ಎಲೆ ನಮ್ಮ ಕಡೆ ಸಿಗುವುದಿಲ್ಲ. ಅದರ ಬದಲಿಗೆ ದೊಡ್ಡಪತ್ರೆ ಹಾಕಬಹುದು ಎಂದು ಅಂಚಿನಲ್ಲಿ ಅವರ ಅಮ್ಮನೇ ಬರೆದಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ಅದೇ ತಿಂಗಳು ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ ನನಗೊಂದು ಹೆಣ್ಣು ಗೊತ್ತಾಗಿತ್ತು. ಅದಕ್ಕೆ ಮುಂಚೆ ನಾಲ್ಕು ಕಡೆ ಆಗಿರಲಿಲ್ಲ. ಇಪ್ಪತ್ತಾರು ವರ್ಷದವನು ಇನ್ನೂ ಪರೀಕ್ಷೆ ಕಟ್ಟುತ್ತಾನೆ ಎಂದರೆ ಜನ ನಗುತ್ತಿದ್ದರು. ಬಾಗೂರಿನ ಹುಡುಗಿಯೂ ನಕ್ಕಳು. ಮಂಡಕ್ಕಿ ತಟ್ಟೆ ಇಟ್ಟು ಬಾಗಿಲ ಹಿಂದೆ ಹೋದವಳು, ನನಗೆ ಕೇಳುವಷ್ಟು ಜೋರಾಗಿ ಅತ್ತೆಯನ್ನು ಕೇಳಿದಳು: "ಇನ್ನೂ ಎಷ್ಟು ವರ್ಷ ಓದ್ತಾರಂತೆ ಅತ್ತೆ? ನಮ್ಮ ಮಕ್ಕಳ ಜತೆ ಸ್ಲೇಟು ಹಿಡ್ಕೊಂಡು ಹೋಗ್ತಾರಂತಾ?" ಉಳಿದ ನಾಲ್ಕು ಮನೆಯವರು ನಾನು ಎದ್ದು ಹೋದ ಮೇಲೆ ನಕ್ಕಿದ್ದರು. ಇವಳು ಕೂತಿರುವಾಗಲೇ ನಕ್ಕಳು. ಆಗಲೇ ನನಗೆ ಅವಳೇ ಬೇಕು ಅನ್ನಿಸಿಬಿಟ್ಟಿತು. ಅವಳಿಗೆ ತಂದೆ ಇರಲಿಲ್ಲ. ಸೋದರಮಾವನದೇ ಯಜಮಾನಿಕೆ. ದೊಡ್ಡ ಕುರಿಹಿಂಡಿನ ಮನುಷ್ಯ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓದು ಹೆಂಗಾರ ಇರ್ಲಿ, ಆಳು ಗಟ್ಟಿ ಅದಾನೆ" ಎಂದು ಒಪ್ಪಿದ್ದರು. ಸಂಕ್ರಾಂತಿಗೆ ವೀಳ್ಯ ಬದಲಾಯಿಸಿ ನಿಶ್ಚಯ ಮಾಡುವುದೆಂದಾಗಿತ್ತು. ಅಂದರೆ ನನ್ನ ಹತ್ತಿರ ಅವರು ಮೆಚ್ಚಿದ್ದು ಗಟ್ಟಿತನ ಒಂದೇ.

ಈಗಿನವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಆಗ ನಮ್ಮ ಕಡೆ ಬ್ರೆಡ್ಡು ಊಟದ ಪದಾರ್ಥ ಅಲ್ಲ. ಅದು ಕಾಯಿಲೆಯವರದು. ಜ್ವರ ಬಂದು ಮುದ್ದೆ ಇಳಿಯದಿದ್ದರೆ ಹಾಲಿಗೆ ಅದ್ದಿ ಎರಡು ತುಂಡು ಕೊಡುತ್ತಿದ್ದರು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವವರು ಅರ್ಧ ಪೌಂಡು ಬ್ರೆಡ್ಡು ಹಿಡಿದು ಹೋಗುತ್ತಿದ್ದರು. ಗಟ್ಟಿಯಾಗಿರುವವರ ಮನೆಯೊಳಗೆ ಬ್ರೆಡ್ಡು ತಂದರೆ ಹೆಂಗಸರು ಬೈಯುತ್ತಿದ್ದರು. ಪೇಪರಿನಲ್ಲಿ ಸುತ್ತಿದ ಬ್ರೆಡ್ಡು ಕಂಕುಳಲ್ಲಿದ್ದರೆ ದಾರಿಯಲ್ಲಿ ಸಿಕ್ಕವರೆಲ್ಲ ಧ್ವನಿ ತಗ್ಗಿಸಿ ಕೇಳುವುದು ಒಂದೇ: "ಯಾರಿಗೆ ಹುಷಾರಿಲ್ಲ?"

ಹಬ್ಬಕ್ಕೆ ಐದು ದಿನ ಇರುವಾಗ ಆಸ್ಪತ್ರೆಯ ಎದುರಿನ ಸಾಬರ ಬೇಕರಿಗೆ ಹೋದೆ. ಸಾಬರು ನನ್ನ ತಂದೆಯ ವಯಸ್ಸಿನವರು. ಕೈಯಲ್ಲಿ ಪುಸ್ತಕ ಹಿಡಿದು ಓಡಾಡುತ್ತೇನೆಂದು ನನ್ನನ್ನು ಮೇಷ್ಟ್ರೇ ಎಂದು ಕರೆದು ಕಾಡುತ್ತಿದ್ದರು.

"ನಾಲ್ಕು ಪೌಂಡು ಬ್ರೆಡ್ ಕೊಡ್ರಿ ಸಾಬ್ರೆ. ಹಳೇದು ಬೇಕು."

"ಹಳೇದಾ? ಮೂವತ್ತು ವರ್ಷ ಆಯ್ತು ಮೇಷ್ಟ್ರೇ ಅಂಗಡಿ ಇಟ್ಟು. ಹಳೇದು ಕೊಟ್ರಿ ಅಂತ ಜಗಳಕ್ಕೆ ಬಂದೋರವ್ರೆ. ಹಳೇದೇ ಕೊಡಿ ಅಂತ ಬಂದೋನು ನೀನೊಬ್ನೇ. ನಾಲ್ಕು ಪೌಂಡು ಯಾರಿಗಪ್ಪ? ವಾರ್ಡಿಗೆಲ್ಲಾ ಹಂಚ್ತೀಯಾ?"

"ಹಬ್ಬಕ್ಕೆ ಸಾಬ್ರೆ. ನಮ್ಮ ದೊಡ್ಡ ಟೀಚರ ಮನೇಲಿ."

"ಹಬ್ಬಕ್ಕೆ ಬ್ರೆಡ್ಡು!" ಎಂದು ಸಾಬರು ಕಿವಿ ಮುಟ್ಟಿಕೊಂಡರು. ಆದರೂ ನಾಲ್ಕು ಪೌಂಡು ಹೊಂದಿಸಿ ಕಟ್ಟಿದರು. ಹಬ್ಬದ ದಿನ ಮಧ್ಯಾಹ್ನ ಬನ್ನು ತೆಗೆದ ಮೇಲೆ ಬಟ್ಟಿಯ ಕಾವನ್ನು ನಮಗೆ ಬಿಟ್ಟುಕೊಡುತ್ತೇನೆ ಎಂದೂ ಒಪ್ಪಿದರು. ಬಟ್ಟಿ ಎಂದರೆ ಬ್ರೆಡ್ಡು ಸುಡುವ ಇಟ್ಟಿಗೆಯ ದೊಡ್ಡ ಒಲೆ. ಒಂದೇ ಷರತ್ತು: "ಅದರೊಳಗೆ ಕೋಳಿ ಹಾಕೋದಾದ್ರೆ ನಮ್ಮ ಕೈಯಲ್ಲೇ ಕುಯ್ಯಿಸ್ಬೇಕು." ದೊಡ್ಡ ಟೀಚರನ್ನು ಆಮೇಲೆ ಕೇಳಿದಾಗ ಇದಕ್ಕೆ ಒಪ್ಪಿದರು.

ಬ್ರೆಡ್ಡು ಎರಡು ಕಂಕುಳಲ್ಲಿ. ಒಂದು ಕೈಯಲ್ಲಿ ಹನ್ನೆರಡು ಮೊಟ್ಟೆಯ ಪೊಟ್ಟಣ, ಇನ್ನೊಂದರಲ್ಲಿ ಆಸ್ಪತ್ರೆ ಕಾಂಪೌಂಡಿನಿಂದ ಕೇಳಿ ಕಿತ್ತುಕೊಂಡ ದೊಡ್ಡಪತ್ರೆ ಕಟ್ಟು. ಆಸ್ಪತ್ರೆ ಗೇಟಿನ ಮುಂದೆ ನಡೆದು ಬರುತ್ತಿದ್ದೆ. ಎದುರಿಗೆ ಬಾಗೂರಿನ ಸೋದರಮಾವ. ಕುರಿ ಮಾರಿ ಊರಿಗೆ ಹೋಗಲು ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದರು.

"ಏನಪ್ಪ, ಆರಾಮಿದೀಯಾ?"

"ಆರಾಮ್ ಮಾವ."

ಅವರ ಕಣ್ಣು ಬ್ರೆಡ್ಡಿನ ಮೇಲೆ ಹೋಯಿತು. ಅಲ್ಲಿಂದ ಮೊಟ್ಟೆಗೆ. ಮೊಟ್ಟೆಯಿಂದ ದೊಡ್ಡಪತ್ರೆಗೆ. ಕೆಮ್ಮು ಕಫಕ್ಕೆ ಅದರ ರಸ ಹಿಂಡಿ ಕುಡಿಸುವುದು ನಮ್ಮಲ್ಲಿ ಕೈಕೂಸಿಗೂ ಗೊತ್ತು.

"ಯಾರಿಗಿದೆಲ್ಲ?"

ನಿಜ ಹೇಳಬಹುದಿತ್ತು. ಆದರೆ ಹೇಗೆ ಹೇಳುವುದು? ನಾಳೆ ಅಳಿಯನಾಗುವವನು ಸೌಟು ಹಿಡಿದು ಈರುಳ್ಳಿ ಬಾಡಿಸುತ್ತಾನೆ ಎಂದರೆ ಗಂಡಸರ ಲೆಕ್ಕಕ್ಕೆ ಸೇರಿಸಿಕೊಂಡಾರೆಯೇ? ಅಡಿಗೆಯವನು ಅನ್ನಿಸಿಕೊಳ್ಳಬಾರದು ಎಂದು ನಾನು ತಲೆ ತಗ್ಗಿಸಿ, "ಏನಿಲ್ಲ ಮಾವ, ಹಿಂಗೇ" ಎಂದೆ. ಹಾಗೆ ಹೇಳುವಾಗ ರಸ್ತೆಯ ಧೂಳಿಗೆ ಒಂದು ಕೆಮ್ಮೂ ಬಂತು.

"ಹುಷಾರಪ್ಪ" ಎಂದು ಅವರು ಎರಡು ಹೆಜ್ಜೆ ದೂರ ಸರಿದು ನಡೆದರು. ಎಷ್ಟು ಒಳ್ಳೆಯ ಮನುಷ್ಯ, ಎಷ್ಟು ಕಾಳಜಿ ಎಂದುಕೊಂಡೆ.

ಎರಡು ದಿನ ಬ್ರೆಡ್ಡು ಒಣಗಿಸಿದೆ. ನನ್ನ ಬಾಡಿಗೆ ಕೋಣೆಯ ಮುಂದೆ ಚಾಪೆ ಹಾಸಿ, ಸಂಡಿಗೆಯಂತೆ ಚೂರು ಹರಡಿ, ಕಾಗೆ ಓಡಿಸಲು ಕೋಲು ಹಿಡಿದು ಕೂತೆ. ಹಿಂಡು ಕಾದವನಿಗೆ ಇದೇನು ದೊಡ್ಡದಲ್ಲ. ಕುರಿಗಿಂತ ಬ್ರೆಡ್ಡು ಸಾಧು. ಹೋಗಿ ಬರುವವರು ಒಂದು ಕ್ಷಣ ನಿಂತು, ಏನೂ ಕೇಳದೆ ಮುಂದೆ ಹೋಗುತ್ತಿದ್ದರು. ಕೇಳದಿದ್ದದ್ದು ಮರ್ಯಾದೆಗೆ ಎಂದು ತಿಳಿದೆ.

ಮೂರನೇ ದಿನ ಬೆಳಗಿನ ಬಸ್ಸಿಗೆ ನಮ್ಮವ್ವ ಬಂದಳು. ಒಂದು ಕೈಯಲ್ಲಿ ಕಾಲು ಕಟ್ಟಿದ ಕರಿ ಹ್ಯಾಟೆ ಕೋಳಿ, ಇನ್ನೊಂದರಲ್ಲಿ ಮಂತ್ರಿಸಿದ ತಾಯಿತ. ಬಾಗಿಲಲ್ಲೇ ಕುಸಿದಳು.

"ಎಷ್ಟು ದಿನದಿಂದ ರಕ್ತ ಬೀಳ್ತೈತೋ?"

"ಯಾವ ರಕ್ತ ಅವ್ವ?"

"ಮುಚ್ಚಿಡಬ್ಯಾಡಪ್ಪ. ಬಾಗೂರೋರು ಹೇಳಿ ಕಳಿಸ್ಯಾರೆ. ಹುಡುಗಂಗೆ ಎದೆ ಕಾಯಿಲೆಯಂತೆ, ದಿನಾ ನಾಲ್ಕು ಪೌಂಡು ಬ್ರೆಡ್ಡಂತೆ. ಸಂಕ್ರಾಂತಿಗೆ ಬ್ಯಾಡ, ಮುಂದೆ ನೋಡಾಣ ಅಂದ್ರಂತೆ."

ನಮ್ಮ ಕಡೆ 'ಮುಂದೆ ನೋಡಾಣ' ಎಂದರೆ ಇನ್ನು ನೋಡುವುದಿಲ್ಲ ಎಂದರ್ಥ. ಬಾಗಿಲ ಹಿಂದಿನ ಆ ನಗು ಕೈತಪ್ಪಿ ಹೋಗುತ್ತಿತ್ತು, ಅದೂ ಒಂದು ಅಡಿಗೆಗೆ. ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಒಣಗಿದ ಬ್ರೆಡ್ಡಿನ ಡಬ್ಬಿ ನೋಡಿ ಇನ್ನಷ್ಟು ಅತ್ತಳು.

"ಗಟ್ಟಿ ಇರೋನು ಬ್ರೆಡ್ಡು ಯಾಕ್ ತಿಂತಾನೆ? ಅದೂ ಒಣಗಿಸ್ಕೊಂಡು? ವರ್ಷಕ್ಕಾಗೋವಷ್ಟು ಕೂಡಿಟ್ಟೀಯಲ್ಲೋ!"

ಕೊನೆಗೆ ದೊಡ್ಡ ಟೀಚರ ಮನೆಗೇ ಕರೆದುಕೊಂಡು ಹೋದೆ. ಟೀಚರು ಮೊದಲು ಕನ್ನಡಕ ತೆಗೆದು ನಕ್ಕರು, ಆಮೇಲೆ ಕನ್ನಡಕ ಹಾಕಿಕೊಂಡು ಅಮ್ಮನ ಹಾಳೆ ಕೈಗೆತ್ತಿಕೊಂಡರು. "ನಮ್ಮಮ್ಮನ ಅಡಿಗೆಗೆ ನಿನ್ನ ಮದುವೆ ನಿಲ್ಲೋದು ಬೇಡ. ಬಿಡು, ಅನ್ನ ಸಾರು ಮಾಡಿದ್ರೆ ಆಯ್ತು" ಎಂದರು. ಹಾಗೆ ಹೇಳುವಾಗ ಆ ಹಾಳೆಯನ್ನು ಮಡಚಿ ಮಡಚಿ ಬೆರಳುದ್ದ ಮಾಡಿಬಿಟ್ಟಿದ್ದರು.

"ಈಗ ನಿಲ್ಲಿಸಿದ್ರೆ ಬ್ರೆಡ್ಡೆಲ್ಲ ನಾನೇ ತಿಂದು ಮುಗಿಸ್ದೆ ಅಂತಾರೆ ಟೀಚರ್. ಮಾಡೇ ಬಿಡಾಣ" ಎಂದೆ.

ಅವ್ವ ಮಾರನೇ ದಿನ ಬಾಗೂರಿಗೆ ಹೋಗಿ ಆಣೆ ಇಟ್ಟಳು. ಸೋದರಮಾವ ಅವಳಿಗೆ ಮಜ್ಜಿಗೆ ಕೊಟ್ಟು, "ಹೆತ್ತ ಕರುಳು, ನೀವು ಇನ್ನೇನ್ ಹೇಳ್ತೀರಿ? ನಾಳೆ ನಾನೇ ಬಂದು ನೋಡ್ತೀನಿ" ಎಂದರಂತೆ. ನಾಳೆ ಎಂದರೆ ಹಬ್ಬದ ದಿನ. ರೋಗಿಗೆಂದು ತಂದ ಕರಿ ಹ್ಯಾಟೆ ಟೀಚರ ಹಿತ್ತಲಲ್ಲೇ ಉಳಿದಿತ್ತು. ಬೆಳಿಗ್ಗೆ ಸಾಬರು ಬಂದು ಅದನ್ನು ಕುಯ್ದುಕೊಟ್ಟರು. ಈಲಿಯೂ ಬೇಯಿಸಿದ ನೀರೂ ಬ್ರೆಡ್ಡಿಗೆ ಸೇರಿದವು. ಮಾಂಸ ಸಾರಿಗೆ ಹೋಯಿತು. ಅವ್ವ ಟೀಚರ ಅಡಿಗೆಮನೆಯಲ್ಲಿ ಸಾರಿನ ಮುಂದೆ ಕೂತಳು. ಆ ಕೋಳಿ ಯಾರ ಆರೋಗ್ಯಕ್ಕೆಂದು ಬಂತೋ ಅವನೇ ಅದರ ಈಲಿಯನ್ನು ಬ್ರೆಡ್ಡಿಗೆ ಕಲಸಿದ.

ಮಧ್ಯಾಹ್ನ ಬೇಕರಿಯ ಎರಡು ದೊಡ್ಡ ಟ್ರೇಗಳಿಗೆ ಮಿಶ್ರಣ ಹರಡಿ, ಮೇಲೆ ಬೆಣ್ಣೆ ಸವರಿದೆ. ಸಾಬರು ಉದ್ದ ಹಿಡಿಕೆಯ ಹಲಗೆಯಲ್ಲಿ ಎರಡನ್ನೂ ಬಟ್ಟಿಯೊಳಗೆ ನೂಕಿದರು. "ಮೇಷ್ಟ್ರೇ, ಬ್ರೆಡ್ಡು ಸುಡೋದು ನಂಗೊತ್ತು. ಸುಟ್ಟ ಬ್ರೆಡ್ಡನ್ನ ಮತ್ತೆ ಸುಡೋದು ನೀನೇ ನೋಡ್ಕೋ" ಎಂದು ಗಲ್ಲಾದ ಹತ್ತಿರ ಕೂತರು. ಕಾವು ಸಾಲದು ಅನ್ನಿಸಿ ನಾನು ಎರಡು ಕಟ್ಟಿಗೆ ಹಾಕಿದೆ. ಅವು ಹಸಿ. ಹೊಗೆ ಮುಖಕ್ಕೇ ಬಂತು. ಕಣ್ಣು ಉರಿದು ನೀರು ಸುರಿಯಿತು. ಬಗ್ಗಿ, ಹೊಟ್ಟೆ ಹಿಡಿದುಕೊಂಡು, ಪ್ರಾಣ ಹೋಗುವ ಹಾಗೆ ಕೆಮ್ಮುತ್ತಿದ್ದೆ.

ಆಗ ಅಂಗಡಿಯ ಮುಂಭಾಗದಿಂದ ಮಾತು ಕೇಳಿಸಿತು.

"ಸಾಬ್ರೆ, ಒಂದು ನಿಜ ಹೇಳ್ರಿ. ಆ ಹೆಣ್ಣುಮಕ್ಕಳ ಶಾಲೆ ಜವಾನ ಎಷ್ಟು ದಿನದಿಂದ ಬ್ರೆಡ್ಡು ಒಯ್ತಾನೆ?"

"ಒಂದೇ ಸಲ ಒಯ್ದಿದ್ದು ಗೌಡ್ರೇ. ಅವನನ್ನೇ ಕೇಳ್ರಿ, ಒಳಗೇ ಅವ್ನೆ. ಅಗೋ, ಕೆಮ್ತಾವ್ನಲ್ಲ, ಅವನೇ."

ಸೋದರಮಾವ ಒಳಗೆ ಬಂದರು. ನನ್ನ ಮುಖದ ತುಂಬ ಮಸಿ. ಮಾತಾಡಲು ಬಾಯಿ ತೆರೆದರೆ ಕೆಮ್ಮು. ಅವರು ಟವೆಲನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡು, "ಹಿಂಗೆ ಬಾರಪ್ಪ, ಬೆಳಕಿಗೆ" ಎಂದು ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು.

ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆ ಎಳೆದರು. ಅವರು ಏನು ಮಾಡುತ್ತಿದ್ದಾರೆಂದು ನನಗೆ ತಕ್ಷಣ ತಿಳಿಯಿತು. ನಾನೂ ನೂರಾರು ಸಲ ಮಾಡಿದವನೇ. ಕುರಿ ಕೊಳ್ಳುವಾಗ ಮೊದಲು ನೋಡುವುದು ಇದನ್ನೇ. ರೆಪ್ಪೆಯ ಒಳಗೆ ಬಿಳುಚಿದ್ದರೆ ಒಳಗೆ ರೋಗ ಉಂಟು. ಕೆಂಪಿದ್ದರೆ ಕುರಿ ಗಟ್ಟಿ. ಹೊಗೆ ತಿಂದ ನನ್ನ ಕಣ್ಣು ಆ ಹೊತ್ತಿಗೆ ಬಟ್ಟಿಯ ಕೆಂಡದ ಹಾಗಿತ್ತು.

"ಹೂಂ. ಕೆಂಪೈತೆ" ಎಂದರು. ಇನ್ನೊಂದು ಕಣ್ಣನ್ನೂ ನೋಡಿದರು. "ಬಲೇ ಕೆಂಪೈತೆ."

ಆಮೇಲೆ ಸೊಂಟದ ಮೇಲೆ ಬೆನ್ನೆಲುಬಿನ ಎರಡೂ ಕಡೆ ಒತ್ತಿದರು. ಮೂಳೆ ಕೈಗೆ ಸಿಗುತ್ತದೆಯೋ ಇಲ್ಲವೋ ಎಂದು. ನಾನು ಮಿಸುಕದೆ ನಿಂತೆ. ಮಿಸುಕಿದ ಕುರಿಯ ಬಗ್ಗೆ ಏನು ಹೇಳುತ್ತಾರೆಂದೂ ನನಗೆ ಗೊತ್ತಿತ್ತು. ಸಾಬರು ಬಾಗಿಲಿಗೆ ಒರಗಿ ನೋಡುತ್ತಿದ್ದವರು, "ಗೌಡ್ರೇ, ಹಲ್ಲೂ ನೋಡ್ಬಿಡ್ರಿ" ಎಂದರು.

"ಹಲ್ಲು ಹೆಣ್ಣು ನೋಡಾಕೆ ಬಂದಾಗ್ಲೇ ನೋಡೀನಿ" ಎಂದರು ಸೋದರಮಾವ, ನಗದೆ. "ಕಣ್ಣು ಗಟ್ಟಿ ಅಂತೈತೆ. ಕೆಮ್ಮು ಗಟ್ಟಿ ಅಲ್ಲ ಅಂತೈತೆ. ಎರಡ್ರಾಗೆ ಯಾವುದನ್ನ ನಂಬ್ಲಿ?"

"ಹೊಗೆ ಮಾವ. ಹಸಿ ಕಟ್ಟಿಗೆ" ಎಂದೆ, ಉಸಿರು ಹಿಡಿದುಕೊಂಡು.

"ಹೊಗೆ ಸರಿ. ನೀನು ಬಟ್ಟಿ ಮುಂದೆ ಯಾಕಿದೀಯಾ?"

ಇನ್ನು ಮುಚ್ಚಿಡಲು ಜಾಗ ಉಳಿದಿರಲಿಲ್ಲ. "ಅಡಿಗೆ ಮಾಡ್ತಿದೀನಿ ಮಾವ. ಟೀಚರ ಮನೆ ಹಬ್ಬಕ್ಕೆ. ಬ್ರೆಡ್ಡು ಅದಕ್ಕೇ ಒಯ್ದಿದ್ದು. ಅವತ್ತು ಹೇಳಾಕೆ ನಾಚ್ಕೆ ಆತು."

ಅವರು ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಕ್ಷಯ ಅಂತ ಊರೆಲ್ಲ ಅಂದ್ರೂ ನಾಚ್ಕೆ ಇಲ್ಲ. ಸೌಟು ಹಿಡೀತೀನಿ ಅನ್ನಾಕೆ ನಾಚ್ಕೆನಾ?" ಅಷ್ಟರಲ್ಲಿ ಬಟ್ಟಿಯಿಂದ ವಾಸನೆ ಬಂತು. ಬೆಣ್ಣೆ, ಈರುಳ್ಳಿ, ಕೆಂಪಗಾದ ಬ್ರೆಡ್ಡು, ಬಿಸಿಗೆ ಬಾಡಿದ ದೊಡ್ಡಪತ್ರೆ. ಸಾಬರು ಓಡಿಹೋಗಿ ಟ್ರೇ ಎಳೆದರು. ಮೇಲೆ ಗರಿಗರಿ, ಹೊಂಬಣ್ಣ. ಹಿಂದಿದ್ದ ಟ್ರೇಯ ಒಂದು ಮೂಲೆ ಮಾತ್ರ ಕಪ್ಪಾಗಿತ್ತು.

"ರೋಗದ ಕುರಿ ಮೇಯಲ್ಲ. ಮೇಯೋ ಕುರಿಗೆ ರೋಗ ಇಲ್ಲ" ಎಂದರು ಸೋದರಮಾವ. "ತಿನ್ನು. ನಾನು ನೋಡ್ತೀನಿ."

ಬೇಕರಿಯ ಬೆಂಚಿನ ಮೇಲೆ ಕೂತೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಸಾಬರು ತಟ್ಟೆಗೆ ಹಾಕಿ ಕೊಟ್ಟರು. ತಿಂದೆ. ನಾಲಿಗೆ ಸುಟ್ಟಿತು, ತಿಂದೆ. ಎದುರಿಗೆ ಅವರು ಕೈಕಟ್ಟಿ, ಪ್ರತಿ ತುತ್ತೂ ಗಂಟಲಲ್ಲಿ ಇಳಿಯುವುದನ್ನು ಕಾಯುತ್ತ ಕೂತಿದ್ದರು. "ಇನ್ನೊಂದಿಷ್ಟು ಹಾಕ್ರಿ" ಎಂದರು. ಮತ್ತೆ ತಿಂದೆ. ಮೂರನೇ ತಟ್ಟೆಯಲ್ಲಿ ನನಗೆ ಒಂದು ವಿಷಯ ಹೊಳೆಯಿತು: ಇದು ಬಹಳ ಚೆನ್ನಾಗಿದೆ. ಅಲ್ಲಿಂದ ಮುಂದೆ ನಾನು ತಿಂದದ್ದು ಮದುವೆಗಾಗಿ ಅಲ್ಲ.

"ನೀವೂ ಒಂದು ತುತ್ತು ನೋಡ್ರಿ ಗೌಡ್ರೇ" ಎಂದು ಸಾಬರು ತಟ್ಟೆ ಚಾಚಿದರು.

ಸೋದರಮಾವ ಹಿಂದಕ್ಕೆ ಸರಿದರು. "ನಂಗೇನಾಗೈತ್ರಿ ಬ್ರೆಡ್ಡು ತಿನ್ನಾಕೆ?"

ಸಾಬರು ನಕ್ಕು ನಕ್ಕು ಗಲ್ಲಾ ಹಿಡಿದುಕೊಂಡರು. ಸೋದರಮಾವ ಎದ್ದು, ನನ್ನ ಬೆನ್ನಿಗೆ ಒಂದು ಬಾರಿಸಿದರು. "ವೀಳ್ಯ ಸಂಕ್ರಾಂತಿಗೇ. ಅವ್ವಂಗೆ ಹೇಳು, ನಾಲ್ಕು ಗಂಟೆ ಬಸ್ಸೈತೆ ನಂಗೆ." ಹೋಗುವಾಗ ಬಾಗಿಲಲ್ಲಿ ತಿರುಗಿದರು. "ಅಡಿಗೆ ವಿಷ್ಯ ನಮ್ಮ ಹುಡುಗಿಗೆ ಹೇಳ್ಬ್ಯಾಡ. ಮದ್ವೆ ಆದ್ಮೇಲೆ ಒಲೆ ಮುಂದೆ ನಿನ್ನನ್ನೇ ಕೂರಿಸ್ತಾಳೆ."

ಟ್ರೇಗಳನ್ನು ಟೀಚರ ಮನೆಗೆ ಹೊತ್ತುಕೊಂಡು ಹೋದಾಗ ಹನ್ನೆರಡು ಜನ ಕೂತಿದ್ದರು. ಒಂದು ಟ್ರೇ ಅರ್ಧಕ್ಕಿಂತ ಕಡಿಮೆ ಇತ್ತು. ಮಿಕ್ಕಿದ್ದೆಲ್ಲ ಎಲ್ಲಿ ಎಂದು ಟೀಚರು ಕೇಳಲಿಲ್ಲ. ನನ್ನ ಮುಖ ನೋಡಿ, "ಪಾಸಾ?" ಎಂದಷ್ಟೇ ಕೇಳಿದರು. ಪಾಸು ಎಂದೆ. ಒಳಗಿದ್ದ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಡಿಸುತ್ತ ಬಡಿಸುತ್ತ ಟೀಚರಿಗೆ ಕೊನೆಗೆ ಉಳಿದದ್ದು ಆ ಕಪ್ಪಾದ ಮೂಲೆ. ಇಡೀ ವರ್ಷ ಕಾದ ಊಟ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಅದನ್ನು ಮುರಿದು ಬಾಯಿಗೆ ಹಾಕಿಕೊಂಡರು. "ಅಮ್ಮನೂ ಇದನ್ನೇ ತಗೋತಿದ್ರು. ಯಾಕೆ ಅಂತ ಈಗ ಗೊತ್ತಾಯ್ತು, ಬೇರೆ ಏನೂ ಉಳೀತಿರಲಿಲ್ಲ" ಎಂದು ನಿಧಾನವಾಗಿ ಅಗಿದರು.

ಆ ವರ್ಷ ಇಂಗ್ಲಿಷಿನಲ್ಲೂ ಪಾಸಾದೆ. ಈರುಳ್ಳಿ ಬಾಡಿಸುವುದು ಹೇಗೆ ಎಂದು ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ, ಕೇಳಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು.

ಮದುವೆಯಾಗಿ ಒಂದು ವರ್ಷದ ಮೇಲೆ ಹೆಂಡತಿಯನ್ನು ಕೇಳಿದೆ: "ನಂಗೆ ಎದೆ ಕಾಯಿಲೆ ಅನ್ನೋದು ನಿಜವೇ ಆಗಿದ್ರೆ ಏನ್ ಮಾಡ್ತಿದ್ದೆ?" ಯಾವುದೋ ಒಳ್ಳೆಯ ಮಾತು ಬರುತ್ತದೆಂದು ಕಾದೆ. ಅವಳು ಸೊಪ್ಪು ಸೋಸುತ್ತ ತಲೆ ಎತ್ತದೆ, "ಏನ್ ಮಾಡ್ತಾರೆ? ಬ್ಯಾರೆ ಕಡೆ ನೋಡೋರು" ಎಂದಳು. ಆಮೇಲೆ ಅದೇ ನಗು, ಈ ಸಲ ಮಧ್ಯೆ ಬಾಗಿಲಿಲ್ಲದೆ. ಅವಳ ಸೋದರಮಾವ ಹೇಳಿದ್ದೂ ನಿಜವಾಯಿತು. ಕ್ರಿಸ್‌ಮಸ್ಸಿನ ವಾರ ಬಂದರೆ ಆ ಅಡಿಗೆ ನಮ್ಮ ಮನೆಯಲ್ಲಿ ನನ್ನ ಪಾಲಿಗೇ. ಅವಳು ತಿನ್ನುವುದು ಮಾತ್ರ, ಅದೂ ಮೊದಲು ನನಗೆ ಒಂದು ತಟ್ಟೆ ತಿನ್ನಿಸಿ, ನಾನು ಗಟ್ಟಿಯಾಗಿದ್ದೇನೆಯೇ ಎಂದು ನೋಡಿದ ಮೇಲೆ.

ಈಗ ಮೊಮ್ಮಕ್ಕಳು ಬೆಳಿಗ್ಗೆ ಎದ್ದರೆ ಬ್ರೆಡ್ಡೇ ಕೇಳುತ್ತವೆ. ಆದರೂ ಬ್ರೆಡ್ಡು ತರುವಾಗ ನಾನು ಅದನ್ನು ಚೀಲದ ತಳಕ್ಕೆ ಹಾಕಿ ಮೇಲೆ ಸೊಪ್ಪು ಮುಚ್ಚುತ್ತೇನೆ. ದೊಡ್ಡಪತ್ರೆಯನ್ನಂತೂ ಹಿತ್ತಲ ಕುಂಡದಲ್ಲೇ ಬೆಳೆಸಿಕೊಂಡಿದ್ದೇನೆ, ರಸ್ತೆಯಲ್ಲಿ ಹಿಡಿದು ತರುವ ಧೈರ್ಯ ಇಲ್ಲ. ನಿಮ್ಮ ಮನೆಗಳಲ್ಲೂ ತಿನ್ನುವ ಯಾವುದೋ ವಸ್ತುವಿಗೆ ಇಲ್ಲದ ಹೆಸರು ಅಂಟಿ ಹೀಗೆ ಯಾರಾದರೂ ಸಿಕ್ಕಿಬಿದ್ದಿದ್ದರೆ ಬರೆಯಿರಿ. ಹೊಳಲ್ಕೆರೆ ಕಡೆ ಮದುವೆಯೊಂದು ಸಾಬೂದಾನಿ ಗಂಜಿಯಿಂದ ನಿಂತಿತ್ತು ಎಂದು ಕೇಳಿದ್ದೇನೆ, ಅದು ಗೊತ್ತಿದ್ದವರಿದ್ದರೆ ಇನ್ನೂ ಒಳ್ಳೆಯದು. ಎಲ್ಲವನ್ನೂ ಓದುತ್ತೇನೆ. ಉತ್ತರ ತಡವಾದರೆ ಕಾಯಿಲೆ ಬಿದ್ದಿದ್ದೇನೆ ಎಂದು ಮಾತ್ರ ತಿಳಿಯಬೇಡಿ. ಒತ್ತಕ್ಷರ ಹುಡುಕುತ್ತಿರುತ್ತೇನೆ.